ಯುದ್ಧ ಎಲ್ಲೋ, ಗೊಬ್ಬರದ ಪಾಳಿ ಇಲ್ಲಿ: ಯಾಕೆ ಹೀಗೆ?

ಪ್ರಶ್ನೆ: ಸರ್, ನಾನು ಬ್ಯಾಡಗಿ ತಾಲ್ಲೂಕಿನವನು. ಊರಲ್ಲಿ ಹಿಟ್ಟಿನ ಗಿರಣಿ ಇದೆ, ನಾಲ್ಕು ಎಕರೆಯಲ್ಲಿ ಗೋವಿನಜೋಳ ಬೆಳೆಯುತ್ತೇವೆ. ನಮ್ಮ ತಂದೆ ಚಿಮಣಿ ಎಣ್ಣೆಗೆ ಡಬ್ಬಿ ಹಿಡಿದು ಪಾಳಿ ನಿಂತ ಕತೆ ಈಗಲೂ ಹೇಳುತ್ತಾರೆ. ನಾನು ಕರೆಂಟಿಗೂ ಗೊಬ್ಬರಕ್ಕೂ ಕಾದವನು. ಇನ್ನು 30 ವರ್ಷಕ್ಕೆ ಪೆಟ್ರೋಲು ಮುಗಿಯುತ್ತದೆ ಅಂತ ಶಾಲೆಯಲ್ಲಿ ಓದಿದ್ದೆ, ಮುಗಿದಿಲ್ಲ. ಹಾಗಾದರೆ ಈ ಬಿಕ್ಕಟ್ಟುಗಳು ಯಾಕೆ ಬರುತ್ತವೆ? ಬಂದಾಗ ಏಟು ಯಾರಿಗೆ? ಮತ್ತೆ ಒಂದು ಸ್ವಂತದ ಪ್ರಶ್ನೆ: ಗಿರಣಿಗೆ ಸೋಲಾರ್ ಹಾಕಿಸಿ ಹಳೇ ಡೀಸೆಲ್ ಎಂಜಿನ್ ಮಾರಿಬಿಡಲಾ?

ಉತ್ತರ: ಎಂಜಿನ್ ವಿಷಯಕ್ಕೆ ಕೊನೆಗೆ ಬರುತ್ತೇನೆ, ಅಲ್ಲಿಯವರೆಗೆ ಯಾರಿಗೂ ಮುಂಗಡ ತೆಗೆದುಕೊಳ್ಳಬೇಡಿ.

ಮೊದಲ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ. ನೆಲದೊಳಗಿನ ಇಂಧನ ಬರಿದಾಗಿ ಬಿಕ್ಕಟ್ಟು ಬಂದದ್ದು ಬಹಳ ಕಮ್ಮಿ. ಹೆಚ್ಚಿನ ಸಲ ಇಂಧನ ಇತ್ತು, ಅದು ಬರುವ ದಾರಿ ಕಟ್ಟಾಯಿತು. ಇಲ್ಲವೇ ಕೊಳ್ಳುವವನ ಕೈಯಲ್ಲಿ ದುಡ್ಡು ಇರಲಿಲ್ಲ. ಕೊರತೆ ನೂರಕ್ಕೆ ಐದೋ ಏಳೋ ಇರುತ್ತದೆ, ಅಷ್ಟೇ. ಆದರೆ ಹೆಚ್ಚುವರಿ ಅಂತ ಯಾರ ಹತ್ತಿರವೂ ಇಟ್ಟಿರುವುದಿಲ್ಲ. ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಸಣ್ಣ ಕೊರತೆ ದೊಡ್ಡ ಬಿಕ್ಕಟ್ಟಾಗುವುದು ಅಲ್ಲಿ.

ಇದು ಪೆಟ್ರೋಲಿನ ಕಾಲದ ರೋಗ ಅಂದುಕೊಳ್ಳಬೇಡಿ. 1643ರ ಲಂಡನ್ ನೋಡಿ. ಅಷ್ಟು ಹೊತ್ತಿಗೆ ಅಲ್ಲಿ ಸೌದೆ ತುಟ್ಟಿಯಾಗಿ ಜನ ಕಲ್ಲಿದ್ದಲಿಗೆ ಹೊರಳಿದ್ದರು. ಕಲ್ಲಿದ್ದಲು ಉತ್ತರದ ನ್ಯೂಕ್ಯಾಸಲ್ ಊರಿನಿಂದ ಹಡಗಿನಲ್ಲಿ ಬರುತ್ತಿತ್ತು. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾಯಿತು. ಲಂಡನ್ ಪಾರ್ಲಿಮೆಂಟಿನ ಕಡೆ, ನ್ಯೂಕ್ಯಾಸಲ್ ರಾಜನ ಕಡೆ. ಕಲ್ಲಿದ್ದಲಿನ ಆದಾಯ ರಾಜನಿಗೆ ಹೋಗಬಾರದು ಅಂತ ಪಾರ್ಲಿಮೆಂಟೇ ಆ ವ್ಯಾಪಾರ ನಿಲ್ಲಿಸಿತು. ಚಳಿಗಾಲದಲ್ಲಿ ನಡುಗಿದವರು ಯಾರು? ಲಂಡನ್ನಿನ ಜನ. ಕಡೆಗೆ ಸುತ್ತಲಿನ ಮರ ಕಡಿಯಲು ಪಾರ್ಲಿಮೆಂಟೇ ಅಪ್ಪಣೆ ಕೊಡಬೇಕಾಯಿತು. 1644ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡಿನ ಸೈನ್ಯ ನ್ಯೂಕ್ಯಾಸಲ್ ಹಿಡಿದ ಮೇಲೆ ಹಡಗುಗಳು ಮತ್ತೆ ಬಂದವು. ಆ ಎರಡು ವರ್ಷದಲ್ಲಿ ಗಣಿಯಲ್ಲಿ ಕಲ್ಲಿದ್ದಲೇನು ಕಮ್ಮಿಯಾಗಿರಲಿಲ್ಲ. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿ ಬೇರೆಯವರಿಗೆ ಮಾಡಿದ್ದನ್ನು ಲಂಡನ್ ತನಗೆ ತಾನೇ ಮಾಡಿಕೊಂಡಿತ್ತು ಅನ್ನಿ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಸೌದೆಯ ಕಷ್ಟಕ್ಕೆ ಕಲ್ಲಿದ್ದಲು ಮದ್ದಾಯಿತು. ಕಲ್ಲಿದ್ದಲಿಗಾಗಿ ಆಳಕ್ಕೆ ಇಳಿದರು, ಗಣಿಯಲ್ಲಿ ನೀರು ತುಂಬಿತು. ಆ ನೀರು ಎತ್ತಲು 1712ರಲ್ಲಿ ನ್ಯೂಕಾಮೆನ್ ಅನ್ನುವವನು ಉಗಿ ಎಂಜಿನ್ ಹೂಡಿದ. ಆ ಎಂಜಿನ್ ಸುಧಾರಿಸುತ್ತಾ ಹೋಗಿ ಗಿರಣಿ, ರೈಲು, ಹಡಗು ಎಲ್ಲ ಬಂದವು. ಅವೆಲ್ಲಕ್ಕೂ ಮತ್ತೆ ಕಲ್ಲಿದ್ದಲೇ ಬೇಕು. ಒಂದು ಬಿಕ್ಕಟ್ಟಿನಿಂದ ಪಾರಾಗಲು ಹಿಡಿದ ಹಗ್ಗವೇ ಮುಂದಿನ ಬಿಕ್ಕಟ್ಟಿನ ಗಂಟಾಗುತ್ತದೆ. ಇದು ಮುಂದೆಯೂ ಕಾಣುತ್ತದೆ, ಗಮನಿಸಿ.

ನಮ್ಮ ಕಡೆಗೆ ಬರೋಣ. ನಿಮ್ಮ ತಂದೆಗಿಂತ ಹಿಂದಿನ ತಲೆಮಾರಿನವರು ಕಂಡದ್ದು 1942ರ ಪೆಟ್ಟು. ಆಗ ದೇಶಕ್ಕೆ ಬೇಕಾದ ಸೀಮೆಎಣ್ಣೆ, ಪೆಟ್ರೋಲಿನ ದೊಡ್ಡ ಪಾಲು ಬರ್ಮಾದಿಂದ ಬರುತ್ತಿತ್ತು. ಆ ವರ್ಷದ ಮಾರ್ಚಿನಲ್ಲಿ ಜಪಾನಿನವರು ರಂಗೂನ್ ಹಿಡಿದರು, ದಾರಿ ಮುಗಿಯಿತು. ಇದ್ದಬದ್ದ ಪೆಟ್ರೋಲು ಮಿಲಿಟರಿಗೆ ಹೋಯಿತು. ಬಸ್ಸುಗಳ ಹಿಂಬದಿಗೆ ಇದ್ದಿಲಿನ ಉರುಳೆ ಕಟ್ಟಿದರು. ಉರುಳೆಯೊಳಗೆ ಇದ್ದಿಲು ತುಂಬಿ, ಬೇಕಾದಷ್ಟು ಗಾಳಿ ಕೊಡದೆ ಅರೆಬರೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಆ ಅನಿಲವನ್ನು ಸೋಸಿ, ತಣಿಸಿ ಎಂಜಿನ್ನಿಗೆ ಬಿಟ್ಟರೆ ಅದು ಉರಿದು ಬಸ್ಸು ಓಡುತ್ತದೆ. ಓಡುತ್ತದೆ ಅಂದರೆ, ಸಪಾಟು ರಸ್ತೆಯಲ್ಲಿ. ಪೆಟ್ರೋಲಿಗೆ ಹೋಲಿಸಿದರೆ ಇದರ ಕಸುವು ಬಹಳ ಕಮ್ಮಿ. ಏರು ಬಂದರೆ ಜನ ಕೆಳಗಿಳಿದು ತಳ್ಳಬೇಕು. ಬೆಳಿಗ್ಗೆ ಬಸ್ಸು ಹೊರಡಬೇಕಾದರೆ ಕ್ಲೀನರ್ ಬಹಳ ಮುಂಚೆ ಎದ್ದು ತಿದಿ ತಿರುಗಿಸಿ ಕೆಂಡ ಮಾಡಬೇಕು. ಮುಚ್ಚಿದ ಜಾಗದಲ್ಲಿ ಆ ಅನಿಲ ಉಸಿರಾಡಿದರೆ ಸಾವು. ಇಷ್ಟೆಲ್ಲ ಇದ್ದರೂ ಓಡಿಸಿದರು, ಬೇರೆ ದಾರಿ ಇರಲಿಲ್ಲ. ಇದ್ದಿಲು ಬಂದದ್ದು ಕಾಡಿನಿಂದ ಅನ್ನುವುದು ನೆನಪಿರಲಿ. ಎಣ್ಣೆಯ ಹೊರೆ ಮರದ ಮೇಲೆ ಬಿತ್ತು.

ಈಗ 1973. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಇದರ ಹೆಸರು ಹೇಳುತ್ತಾರೆ, ಒಳಗೆ ಏನಾಯಿತು ಅಂತ ಕೇಳಿದರೆ ‘ಅರಬರು ಎಣ್ಣೆ ನಿಲ್ಲಿಸಿದರು’ ಅಂತಷ್ಟೇ ಹೇಳುತ್ತಾರೆ. ಅಕ್ಟೋಬರ್ 6ಕ್ಕೆ ಈಜಿಪ್ಟ್, ಸಿರಿಯಾ ಮತ್ತು ಇಸ್ರೇಲ್ ನಡುವೆ ಯುದ್ಧ ಶುರು. ಅಕ್ಟೋಬರ್ 16ಕ್ಕೆ ಕೊಲ್ಲಿ ದೇಶಗಳು ಪೀಪಾಯಿಗೆ 3.01 ಡಾಲರ್ ಇದ್ದ ದರವನ್ನು 5.12ಕ್ಕೆ ಏರಿಸಿದವು. ಮರುದಿನ ಅರಬ್ ದೇಶಗಳು ಉತ್ಪಾದನೆ ಕಡಿಮೆ ಮಾಡುವ ತೀರ್ಮಾನ ಮಾಡಿದವು. ಅಮೆರಿಕ, ನೆದರ್ಲೆಂಡ್ಸ್‌ಗೆ ಪೂರಾ ಬಂದ್. 1974ರ ಜನವರಿಗೆ ದರ 11.65 ಡಾಲರ್. ಅಂದರೆ ಮೂರು ತಿಂಗಳಲ್ಲಿ ಹತ್ತಿರ ಹತ್ತಿರ ನಾಲ್ಕು ಪಟ್ಟು. ಆದರೆ ಜಗತ್ತಿನ ಒಟ್ಟು ಪೂರೈಕೆಯಲ್ಲಿ ಕಮ್ಮಿಯಾದದ್ದು ನೂರಕ್ಕೆ ಏಳರಷ್ಟು ಮಾತ್ರ. 1979ರಲ್ಲಿ ಇರಾನಿನ ಕ್ರಾಂತಿಯಾದಾಗ ಕೊರತೆ ಇದಕ್ಕಿಂತಲೂ ಕಮ್ಮಿ. ಆಗಲೂ ದರ ಎರಡು ಪಟ್ಟು ದಾಟಿತು.

ನೂರಕ್ಕೆ ಏಳು ಕಮ್ಮಿಯಾದರೆ ದರ ನಾಲ್ಕು ಪಟ್ಟು ಯಾಕೆ? ಎಣ್ಣೆ ತುಟ್ಟಿಯಾಯಿತು ಅಂತ ಯಾರೂ ನಾಳೆಯೇ ಗಾಡಿ ಬದಲಾಯಿಸುವುದಿಲ್ಲ. ಲಾರಿ ಓಡಲೇಬೇಕು, ಪಂಪು ನಡೆಯಲೇಬೇಕು. ಬಳಕೆ ಸುಲಭಕ್ಕೆ ಇಳಿಯುವುದಿಲ್ಲ. ಅದಕ್ಕೇ ಇಳಿಯುವ ತನಕ ದರ ಏರುತ್ತಾ ಹೋಗುತ್ತದೆ. ಅಮೆರಿಕದಲ್ಲಿ ಸರಕಾರ 1971ರಿಂದಲೇ ದರ ಹಿಡಿದಿಟ್ಟಿತ್ತು. ಹಾಗಾಗಿ ಅಲ್ಲಿ ಬಂಕಿನ ದರದ ಬೋರ್ಡಿನ ಮೇಲೆ ಏರಬೇಕಾದದ್ದು ರಸ್ತೆಯ ಮೇಲೆ ಪಾಳಿಯಾಗಿ ಉದ್ದವಾಯಿತು. ಯಾವ ಊರಿಗೆ ಎಷ್ಟು ಪೆಟ್ರೋಲು ಅಂತ ಹಳೇ ಲೆಕ್ಕದಲ್ಲಿ ಹಂಚಿದ್ದರಿಂದ ಒಂದು ಕಡೆ ಬಂಕು ಖಾಲಿ, ಇನ್ನೊಂದು ಕಡೆ ಸಾಕಷ್ಟು.

ಪಾಳಿಯ ಲೆಕ್ಕ ನಮ್ಮ ಊರಿನಲ್ಲೇ ಹಾಕಿ ನೋಡಿ. ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಲಕ್ಷ ಬೈಕು ಅಂತ ಸುಮ್ನೆ ಹಿಡಿಯೋಣ, ನಿಜಕ್ಕೆ ಜಾಸ್ತಿಯೇ ಇವೆ. ಟ್ಯಾಂಕು 10 ಲೀಟರಿನದು. ನಾವೆಲ್ಲ ನೂರು-ಇನ್ನೂರು ರೂಪಾಯಿಯದು ಹಾಕಿಸಿಕೊಂಡು ಓಡಾಡುವವರು, ಟ್ಯಾಂಕಿನಲ್ಲಿ ಸರಾಸರಿ 4 ಲೀಟರ್ ಇರುತ್ತದೆ ಅನ್ನಿ. ಸಂಜೆ ವಾಟ್ಸಾಪಿನಲ್ಲಿ ‘ನಾಳೆಯಿಂದ ಪೆಟ್ರೋಲು ಸಿಗಲ್ವಂತೆ’ ಅಂತ ಒಂದು ಮೆಸೇಜು ಬಂತು. ಎಲ್ಲರೂ ಹೋಗಿ ಫುಲ್ ಮಾಡಿಸಿದರೆ ಒಂದೇ ರಾತ್ರಿಗೆ 6 ಲಕ್ಷ ಲೀಟರ್ ಹೆಚ್ಚಿಗೆ ಬೇಕು. 20 ಸಾವಿರ ಲೀಟರಿನ 30 ಟ್ಯಾಂಕರು. ಬಂಕಿನವರು ಅಷ್ಟು ತರಿಸಿರುವುದಿಲ್ಲ. ‘ಸ್ಟಾಕ್ ಇಲ್ಲ’ ಬೋರ್ಡು ಬೀಳುತ್ತದೆ. ‘ನೋಡು, ನಾನು ಹೇಳಿರಲಿಲ್ವಾ’ ಅಂತ ಮೆಸೇಜು ಕಳಿಸಿದವನು ಬೀಗುತ್ತಾನೆ. ಊರಿನ ಪೆಟ್ರೋಲು ಒಂದು ಹನಿಯೂ ಕಮ್ಮಿಯಾಗಿಲ್ಲ. ಬಂಕಿನ ಟ್ಯಾಂಕಿನಿಂದ ಬೈಕಿನ ಟ್ಯಾಂಕಿಗೆ ಜಾಗ ಬದಲಾಯಿಸಿದೆ. 2024ರ ಜನವರಿ ಮೊದಲ ವಾರ ಲಾರಿ ಚಾಲಕರ ಮುಷ್ಕರದ ಸುದ್ದಿಗೆ ಹೈದರಾಬಾದಿನ ಬಂಕುಗಳ ಮುಂದೆ ಆದದ್ದು ಇದೇ. 1973ರಲ್ಲಿ ಜಪಾನಿನ ಒಸಾಕಾ ಕಡೆಯ ಜನ ಎಣ್ಣೆ ಬಿಟ್ಟು ಟಾಯ್ಲೆಟ್ ಪೇಪರಿಗೆ ಮುಗಿಬಿದ್ದಿದ್ದರು. ಎಣ್ಣೆ ಇಲ್ಲ ಅಂದರೆ ಕಾಗದ ಇಲ್ಲ ಅಂತ ಯಾರೋ ಹಬ್ಬಿಸಿದ್ದರು. ನಗಬೇಡಿ, ಭಯಕ್ಕೆ ತರ್ಕ ಇರುವುದಿಲ್ಲ.

ನಿಮ್ಮ ತಂದೆ ನಿಂತ ಪಾಳಿ ಬೇರೆ ಥರದ್ದು. ಅದು ಗಾಬರಿಯದ್ದಲ್ಲ, ನಿಜವಾಗಿ ಕೊಳ್ಳಲು ಆಗದ್ದು. 1973ರ ಆ ಏರಿಕೆಗೆ ಭಾರತದ ಎಣ್ಣೆ ಆಮದಿನ ಬಿಲ್ಲು ಒಂದೇ ವರ್ಷದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಏರಿತು. ವಿದೇಶಿ ವಿನಿಮಯ ಮೊದಲೇ ಅಷ್ಟಕ್ಕಷ್ಟೆ. 1973ರ ನವೆಂಬರಿನಲ್ಲಿ ವಾಜಪೇಯಿಯವರು ದರ ಏರಿಕೆ ವಿರೋಧಿಸಿ ಎತ್ತಿನ ಗಾಡಿಯಲ್ಲಿ ಪಾರ್ಲಿಮೆಂಟಿಗೆ ಹೋದರು, ಅದರ ಫೋಟೊ ಈಗಲೂ ಓಡಾಡುತ್ತಿದೆ. ಎತ್ತಿನ ಗಾಡಿಯಲ್ಲೇ ಓಡಾಡುತ್ತಿದ್ದ ಹಳ್ಳಿಯವರಿಗೆ ಪೆಟ್ರೋಲಿನ ದರದ ಗೊಡವೆ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಕಂದೀಲಿಗೆ, ಚಿಮಣಿಗೆ ಎಣ್ಣೆ. ರೇಷನ್ ಅಂಗಡಿಯವನು ಕಾರ್ಡಿಗೆ ಇಷ್ಟೇ ಅಂತ ಅಳೆದು ಹಾಕುತ್ತಿದ್ದ. ಹೊಲದ ಹತ್ತಿ ಕಟ್ಟಿಗೆ, ಕುಳ್ಳು, ಜಾಲಿ ಇದ್ದವರು ಒಲೆ ಹೇಗೋ ಹೊತ್ತಿಸಿದರು. ದೀಪಕ್ಕೆ ಬದಲಿ ಇರಲಿಲ್ಲ. ಪೇಟೆಯಲ್ಲಿ ಪಂಪಿನ ಸ್ಟೋವ್ ನಂಬಿದ್ದವರ ಪಾಡು ಇನ್ನೂ ಕಷ್ಟ.

ಈಗ ನಿಮ್ಮ ಜಿಲ್ಲೆಯ ಮಾತು. ಇಂಧನದ ಬಿಕ್ಕಟ್ಟು ನಮ್ಮ ಕಡೆ ಇಂಧನದ ರೂಪದಲ್ಲೇ ಬರಬೇಕು ಅಂತಿಲ್ಲ. ಅದು ಗೊಬ್ಬರದ ಚೀಲದಲ್ಲಿ ಬರುತ್ತದೆ. ಯೂರಿಯಾ ಮಾಡುವುದು ಅಮೋನಿಯಾದಿಂದ. ಅಮೋನಿಯಾಕ್ಕೆ ಗಾಳಿಯಲ್ಲಿರುವ ಸಾರಜನಕ ಬೇಕು, ಅದು ಪುಕ್ಕಟೆ. ಜೊತೆಗೆ ಜಲಜನಕ ಬೇಕು, ಅದನ್ನು ನಮ್ಮ ಕಾರ್ಖಾನೆಗಳು ನೈಸರ್ಗಿಕ ಅನಿಲದಿಂದ ತೆಗೆಯುತ್ತವೆ. ಹಿಂದೆ ನಾಫ್ತಾ ಅನ್ನುವ ಪೆಟ್ರೋಲಿಯಂ ಸರಕಿನಿಂದಲೂ ತೆಗೆಯುತ್ತಿದ್ದರು. ಅನಿಲದ ದೊಡ್ಡ ಪಾಲು ಹಡಗಿನಲ್ಲಿ ಹೊರಗಿನಿಂದ ಬರುತ್ತದೆ. ಡಿಎಪಿ ಅನ್ನುವ ರಂಜಕದ ಗೊಬ್ಬರಕ್ಕೂ ಅಮೋನಿಯಾ ಬೇಕು, ಮೇಲೆ ಗಂಧಕ ಬೇಕು. ಆ ಗಂಧಕವೂ ಎಣ್ಣೆ, ಅನಿಲ ಶುದ್ಧ ಮಾಡುವಾಗ ಸಿಗುವುದೇ. ಗೋವಿನಜೋಳಕ್ಕೆ ಸಾರಜನಕದ ಹಸಿವು ಎಷ್ಟು ಅಂತ ನಿಮಗೆ ನಾನು ಹೇಳಬೇಕಿಲ್ಲ. ನೀವು ಬೆಳೆಗೆ ಯೂರಿಯಾ ಹಾಕುವಾಗ ಒಂದು ಲೆಕ್ಕದಲ್ಲಿ ಅನಿಲವನ್ನೇ ಹಾಕುತ್ತಿದ್ದೀರಿ.

2008 ನೆನಪು ಮಾಡಿಕೊಳ್ಳಿ. ಕಚ್ಚಾ ಎಣ್ಣೆ ಆ ಜುಲೈನಲ್ಲಿ ಪೀಪಾಯಿಗೆ 147 ಡಾಲರ್ ಮುಟ್ಟಿತು. ಡಿಎಪಿ ಜಾಗತಿಕ ಮಾರುಕಟ್ಟೆಯಲ್ಲಿ ಟನ್ನಿಗೆ 1,000 ಡಾಲರ್ ದಾಟಿತು. ಆಗಿನ ರೂಪಾಯಿ ಲೆಕ್ಕದಲ್ಲಿ 50 ಕೆಜಿ ಚೀಲಕ್ಕೆ 2,000ದ ಮೇಲೆ. ನಮ್ಮ ಅಂಗಡಿಯಲ್ಲಿ ಆ ಚೀಲದ ನಿಗದಿ ಬೆಲೆ 500ರ ಒಳಗೇ ಇತ್ತು. ನಡುವಿನ ದುಡ್ಡು ಸರಕಾರ ಸಬ್ಸಿಡಿಯಾಗಿ ತುಂಬಬೇಕು. ಇಷ್ಟು ದೊಡ್ಡ ಅಂತರ ಇದ್ದಾಗ ತರಿಸುವವನು ಹಿಂಜರಿಯುತ್ತಾನೆ, ಬಂದದ್ದು ಸಾಲುವುದಿಲ್ಲ, ಸಿಕ್ಕವರು ಮನೆಯಲ್ಲಿ ಪೇರಿಸುತ್ತಾರೆ. ಮುಂಗಾರು ಬಿದ್ದಿತ್ತು, ಬಿತ್ತನೆ ಕಾಯುವುದಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೊಡಿ ಅಂತ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಇಬ್ಬರು ರೈತರು ತೀರಿಕೊಂಡರು. ಆ ಕೊರತೆಗೆ ಜಾಗತಿಕ ದರ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಗುಂಡು ಹಾರಿಸಿದ್ದಕ್ಕಂತೂ ಅದು ಕಾರಣವೇ ಅಲ್ಲ. ಆದರೆ ಆ ವರ್ಷದ ಇಂಧನದ ಕತೆಯನ್ನು ಬರೆಯುವವರು ಷೇರುಪೇಟೆಯ ಪಟ್ಟಿ ಹಾಕುತ್ತಾರೆ, ಹಾವೇರಿಯ ಹೆಸರು ಹಾಕುವುದಿಲ್ಲ. ನನ್ನ ಪ್ರಕಾರ ಹಾಕಬೇಕು.

2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧ ಶುರುವಾದಾಗಲೂ ಅನಿಲ, ಗೊಬ್ಬರ ಎರಡೂ ಜಿಗಿದವು. ಆ ಸಲ ನಿಮಗೆ ಯೂರಿಯಾ 45 ಕೆಜಿ ಚೀಲ ಹಳೇ 266 ರೂಪಾಯಿ ಚಿಲ್ಲರೆಗೇ ಸಿಕ್ಕಿತು. ಯಾಕೆಂದರೆ 2022-23ರಲ್ಲಿ ಕೇಂದ್ರ ಸರಕಾರ ಗೊಬ್ಬರದ ಸಬ್ಸಿಡಿಗೆ ಸುಮಾರು 2.5 ಲಕ್ಷ ಕೋಟಿ ಕೊಟ್ಟಿತು. ಬಿಕ್ಕಟ್ಟು ಬಂದಿತ್ತು. ಅಂಗಡಿಯ ಬದಲು ಬಜೆಟ್ಟಿಗೆ ಬಂತು, ಅಷ್ಟೆ.

ಏಟು ಯಾರಿಗೆ ಅಂತ ಕೇಳಿದಿರಿ. ಮದುವೆ ಊಟದಲ್ಲಿ ಅಡುಗೆ ಸ್ವಲ್ಪ ಕಮ್ಮಿ ಬಿದ್ದರೆ ಮೊದಲ ಪಂಕ್ತಿಯವರಿಗೆ ಗೊತ್ತೇ ಆಗುವುದಿಲ್ಲ, ಹೋಳಿಗೆ ತುಪ್ಪ ಎಲ್ಲ ಸರಿಯಾಗಿಯೇ ಬಡಿಸುತ್ತಾರೆ. ಕೊನೇ ಪಂಕ್ತಿಗೆ ಬರೀ ಅನ್ನ ಸಾರು. ಜಗತ್ತಿನ ಇಂಧನವೂ ಹಾಗೆಯೇ. 2022ರಲ್ಲಿ ರಷ್ಯಾದ ಅನಿಲ ಕಮ್ಮಿಯಾದಾಗ ಯುರೋಪಿನವರು ಎಷ್ಟಾದರೂ ಸರಿ ಅಂತ ಹಡಗಿನ ಅನಿಲ ಕೊಂಡರು. ಅವರೂ ಕಷ್ಟಪಟ್ಟರು, ಸುಳ್ಳಲ್ಲ. ಆದರೆ ಆ ಜುಲೈನಲ್ಲಿ ಪಾಕಿಸ್ತಾನ ಅನಿಲಕ್ಕೆ ಟೆಂಡರ್ ಕರೆದರೆ ಒಬ್ಬನೂ ಬರಲಿಲ್ಲ. ಅಲ್ಲಿ ಕರೆಂಟು ಹೋಯಿತು. ಶ್ರೀಲಂಕಾದಲ್ಲಿ ಡಾಲರೇ ಖಾಲಿಯಾಗಿ ದಿನಕ್ಕೆ 13 ಗಂಟೆಯವರೆಗೂ ಕರೆಂಟು ತೆಗೆದರು, ಪೆಟ್ರೋಲಿಗೆ ದಿನಗಟ್ಟಲೆ ಪಾಳಿ, ಕಡೆಗೆ ಅಧ್ಯಕ್ಷರೇ ದೇಶ ಬಿಟ್ಟು ಓಡಿದರು. ಜಗತ್ತಿನಲ್ಲಿ ಎಣ್ಣೆ ಇತ್ತು. ಶ್ರೀಲಂಕಾಕ್ಕೆ ಇರಲಿಲ್ಲ.

ನಾವು ಆ ಕೊನೇ ಪಂಕ್ತಿಯಲ್ಲಿ ಕೂತದ್ದು 1991ರಲ್ಲಿ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿತು. ಎಣ್ಣೆ ದರ ಎರಡು ಪಟ್ಟಾಯಿತು. ಕೊಲ್ಲಿಯಲ್ಲಿ ದುಡಿಯುತ್ತಿದ್ದ ನಮ್ಮವರು ಕಳಿಸುತ್ತಿದ್ದ ದುಡ್ಡು ನಿಂತಿತು, ಒಂದೂ ಮುಕ್ಕಾಲು ಲಕ್ಷದ ಹತ್ತಿರ ಜನರನ್ನು ವಿಮಾನದಲ್ಲಿ ಕರೆತರಬೇಕಾಯಿತು. ದೇಶದ ಖಜಾನೆಯಲ್ಲಿ ಕೆಲವೇ ವಾರದ ಆಮದಿಗೆ ಆಗುವಷ್ಟು ಡಾಲರ್ ಉಳಿಯಿತು. ಡಾಲರ್ ಹೊಂದಿಸಲು ಮೇ ತಿಂಗಳಲ್ಲಿ 20 ಟನ್, ಜುಲೈನಲ್ಲಿ ಸುಮಾರು 47 ಟನ್ ಚಿನ್ನ ಹೊರದೇಶಕ್ಕೆ ಹೋಯಿತು. ನಮ್ಮ ಆರ್ಥಿಕತೆ ಮೊದಲೇ ಸೊರಗಿತ್ತು, ಎಣ್ಣೆ ಅದನ್ನು ಕೆಡವಿತು.

ಈಗ ಕರೆಂಟು. ಇದು ಎಣ್ಣೆಗಿಂತ ಬೇರೆ. ಎಣ್ಣೆಯನ್ನು ಡಬ್ಬಿಯಲ್ಲಿ ಇಡಬಹುದು. ಕರೆಂಟನ್ನು ದೊಡ್ಡ ಪ್ರಮಾಣದಲ್ಲಿ ಇಟ್ಟುಕೊಳ್ಳುವುದು ಕಷ್ಟ, ಹುಟ್ಟಿದ ಗಳಿಗೆಯಲ್ಲೇ ಬಳಸಬೇಕು. ಕರ್ನಾಟಕದಲ್ಲಿ ಒಂದು ಕೆಜಿ ಕಲ್ಲಿದ್ದಲಿನ ಗಣಿಯೂ ಇಲ್ಲ. 1964-65ರಲ್ಲಿ ಶರಾವತಿ ಬಂದಾಗ ನೀರಿನ ಕರೆಂಟು ಧಾರಾಳವಾಗಿ ಸಿಕ್ಕಿತು, ನಾವು ಅದನ್ನೇ ನಂಬಿದೆವು. ಆಮೇಲೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಕತ್ತಲೆ. ಅದಕ್ಕೆ ಮದ್ದಾಗಿ 1985ರಲ್ಲಿ ರಾಯಚೂರಿನ ಮೊದಲ ಘಟಕ ಬಂತು. ಅದಕ್ಕೆ ಹೊರ ರಾಜ್ಯದಿಂದ ರೈಲಿನಲ್ಲಿ ಕಲ್ಲಿದ್ದಲು ಬರಬೇಕು. ಮಳೆ ಕಾಯುತ್ತಿದ್ದವರು ರೈಲು ಕಾಯುವಂತಾಯಿತು. ನಾನು ಆಗಲೇ ಹೇಳಿದ ಗಂಟು ಇದು.

2023ರ ಬರ ಇದನ್ನೆಲ್ಲ ಒಂದೇ ಕಡೆ ತೋರಿಸಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರ ಪೀಡಿತ ಅಂತ ಘೋಷಣೆಯಾದವು. ಮಳೆ ಇಲ್ಲ, ಹಾಗಾಗಿ ಅಣೆಕಟ್ಟಿನಲ್ಲಿ ನೀರಿಲ್ಲ, ಜಲವಿದ್ಯುತ್ ಕಮ್ಮಿ. ಮಳೆ ಇಲ್ಲದ್ದರಿಂದಲೇ ಮಳೆಗಾಲದಲ್ಲೂ ಬೋರ್‌ವೆಲ್ ಪಂಪುಗಳೆಲ್ಲ ಓಡಿದವು, ಬೇಡಿಕೆ ಜಾಸ್ತಿ. ಗದಗಿನ ಕಪ್ಪತಗುಡ್ಡದ ಸುತ್ತ ತಿರುಗುವ ಗಾಳಿಯಂತ್ರಗಳಿಗೆ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಸುಗ್ಗಿ. ಅಕ್ಟೋಬರಿಗೆ ಗಾಳಿ ಬಿದ್ದುಹೋಗುತ್ತದೆ. ಮೂರೂ ಒಂದೇ ತಿಂಗಳಿಗೆ ಬಂದು ಸೇರಿದವು. ರೈತರ ಪಂಪಿಗೆ ಏಳು ಗಂಟೆ ಇದ್ದ ತ್ರೀ ಫೇಸ್ ಐದು ಗಂಟೆಗೆ ಇಳಿಯಿತು. ರಾಜ್ಯದೊಳಗಿನ ಖಾಸಗಿ ಉತ್ಪಾದಕರು ಹೊರಗೆ ಮಾರದೆ ಇಲ್ಲಿಯೇ ಕೊಡಬೇಕು ಅಂತ ಸರಕಾರ ವಿದ್ಯುತ್ ಕಾಯ್ದೆಯ ಸೆಕ್ಷನ್ 11 ಬಳಸಿತು. ಇಷ್ಟಾಗುವಾಗ ನಿಮ್ಮ ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳು ಡೀಸೆಲ್ ಜನರೇಟರ್ ಇಟ್ಟುಕೊಂಡು ಮೆಣಸಿನಕಾಯಿ ಉಳಿಸಿಕೊಳ್ಳಬಲ್ಲವು. ಬೋರ್ ನಂಬಿದ ಎರಡೆಕರೆಯವನಿಗೆ ಆ ದಾರಿ ಇಲ್ಲ. ಪಂಕ್ತಿ ಇಲ್ಲಿಯೂ ಇದೆ.

ಐದು ಗಂಟೆ ಕರೆಂಟಿನ ಇನ್ನೊಂದು ಮುಖ ನಿಮಗೆ ಗೊತ್ತಿರುತ್ತದೆ: ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಡುವುದು. ರಾತ್ರಿ ಎರಡಕ್ಕೋ ಮೂರಕ್ಕೋ ಕರೆಂಟು ಬರುತ್ತದೆ. ಯಾರು ಎದ್ದು ಹೊಲಕ್ಕೆ ಹೋಗಬೇಕು? ಅದಕ್ಕೇ ಎಲ್ಲರೂ ಆಟೊ ಸ್ಟಾರ್ಟರ್ ಹಾಕಿಸಿದ್ದಾರೆ. ಕರೆಂಟು ಬಂದ ಕೂಡಲೇ ಆ ಟಿಸಿಯ ಮೇಲಿನ ಹತ್ತಿಪ್ಪತ್ತು ಮೋಟರು ಒಂದೇ ಸಲಕ್ಕೆ ಎಳೆಯುತ್ತವೆ. ಮೋಟರು ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ವೋಲ್ಟೇಜು ಕುಸಿಯುತ್ತದೆ. ವೋಲ್ಟೇಜು ಕುಸಿದರೆ ಮೋಟರಿಗೆ ವೇಗ ಹಿಡಿಯಲು ಆಗುವುದಿಲ್ಲ, ಇನ್ನೂ ಹೊತ್ತು ಎಳೆಯುತ್ತದೆ, ಸುತ್ತು ಕಾಯುತ್ತದೆ. ಒಂದೋ ಫ್ಯೂಜು ಹೋಗುತ್ತದೆ, ಇಲ್ಲ ಮೋಟರು ಸುಡುತ್ತದೆ, ಇಲ್ಲ ಟಿಸಿಯೇ. ಹೊಸ ಟಿಸಿ ಬರುವ ತನಕ ಎಲ್ಲರ ಬೆಳೆಯೂ ಒಣಗುತ್ತದೆ. ಬಂಕಿನ ಮುಂದಿನ ನೂಕುನುಗ್ಗಲೇ ಇದು. ತಂತಿಯೊಳಗೆ ನಡೆಯುತ್ತದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಒಂದು ಟಿಸಿಯ ರೈತರು ಮಾತಾಡಿಕೊಂಡು ಸ್ಟಾರ್ಟರಿನ ಟೈಮರನ್ನು ಒಬ್ಬೊಬ್ಬರು ಒಂದೆರಡು ನಿಮಿಷ ಹಿಂದೆ ಮುಂದೆ ಇಟ್ಟುಕೊಂಡರೆ ಬಹಳಷ್ಟು ಟಿಸಿ ಉಳಿಯುತ್ತವೆ. ಇದಕ್ಕೆ ದುಡ್ಡು ಬೇಕಿಲ್ಲ. ಆದರೂ ಮಾಡುವವರು ಕಮ್ಮಿ.

ಬಿಕ್ಕಟ್ಟಿನಿಂದ ಒಳ್ಳೆಯದೂ ಹುಟ್ಟಿದೆ, ಅದನ್ನೂ ಹೇಳಬೇಕಲ್ವಾ. 1973ರ ಏಟು ತಿಂದ ಡೆನ್ಮಾರ್ಕ್ ಗಾಳಿಯಂತ್ರದ ಹಿಂದೆ ಬಿತ್ತು. ಬ್ರೆಜಿಲ್ 1975ರಲ್ಲಿ ಕಬ್ಬಿನ ಆಲ್ಕೋಹಾಲನ್ನು ಗಾಡಿಗೆ ಹಾಕುವ ಯೋಜನೆ ಹಿಡಿಯಿತು. ಭಾರತಕ್ಕೆ ಅದೃಷ್ಟವೂ ಕೂಡಿ ಬಂತು. 1974ರ ಫೆಬ್ರವರಿಯಲ್ಲಿ ಬಾಂಬೆ ಹೈನಲ್ಲಿ ಎಣ್ಣೆ ಸಿಕ್ಕಿತು, 1976ರಲ್ಲಿ ತೆಗೆಯಲು ಶುರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲೇ ಅಸ್ತ್ರ ಅನ್ನುವ ಗುಂಪು ಹುಟ್ಟಿ, ಹೊಗೆ ಕಮ್ಮಿ ಮಾಡುವ, ಸೌದೆ ಉಳಿಸುವ ಅಸ್ತ್ರ ಒಲೆ ಬಂತು. ಒಳ್ಳೆಯ ಒಲೆಯೇ. ಆದರೆ ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿಯನ್ನು ಹಂಚಿನಿಂದ ತೆಗೆದು ಕೆಂಡಕ್ಕೆ ಆನಿಸಿ ಸುಡುವ ರೂಢಿ. ಬಾಯಿ ಮುಚ್ಚಿದ ಒಲೆಯಲ್ಲಿ ಅದು ಹೇಗೆ ಆಗಬೇಕು? ಇಂಜಿನಿಯರುಗಳು ಅಡುಗೆ ಮನೆಗೆ ಬಂದರೆ ಇಂಥದ್ದು ಒಂದು ಉಳಿದೇ ಉಳಿಯುತ್ತದೆ. ಇನ್ನು ತುರ್ತಿಗೆ ಅಂತ ದೇಶದ ಕಚ್ಚಾ ಎಣ್ಣೆ ದಾಸ್ತಾನು ವಿಶಾಖಪಟ್ಟಣ, ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನ ಬಂಡೆಯೊಳಗಿನ ಗುಹೆಗಳಲ್ಲಿದೆ. ಮೂರೂ ಸೇರಿ 53 ಲಕ್ಷ ಟನ್ ಹಿಡಿಯುತ್ತವೆ. ಕೇಳಲು ದೊಡ್ಡದು, ತುಂಬಿದ್ದರೂ ದೇಶದ ಒಂಬತ್ತು ಹತ್ತು ದಿನದ ಖರ್ಚು. ಕಂಪನಿಗಳ ದಾಸ್ತಾನು ಅದರ ಮೇಲೆ ಬೇರೆ ಇರುತ್ತದೆ.

ಒಂದು ಕೆಟ್ಟ ಚಾಳಿ ಮಾತ್ರ ಎಲ್ಲ ದೇಶಕ್ಕೂ ಇದೆ. ದರ ಇಳಿದ ಕೂಡಲೇ ಎಲ್ಲ ಮರೆತುಬಿಡುವುದು. 1986ರಲ್ಲಿ ಎಣ್ಣೆ 10 ಡಾಲರಿನ ಹತ್ತಿರಕ್ಕೆ ಬಿದ್ದಾಗ ಹತ್ತು ವರ್ಷದಿಂದ ಕಟ್ಟಿದ ಎಷ್ಟೋ ಯೋಜನೆಗಳು ದಿಕ್ಕಿಲ್ಲದೆ ನಿಂತವು. ದಾಸ್ತಾನು ಇಡುವುದು, ಎರಡನೇ ದಾರಿ ಇಟ್ಟುಕೊಳ್ಳುವುದು ಅಂದರೆ ಒಳ್ಳೇ ದಿನಗಳಲ್ಲಿ ಅದು ದಂಡದ ಖರ್ಚಿನಂತೆ ಕಾಣುತ್ತದೆ. ಲೆಕ್ಕ ಬರೆಯುವವರು ಮೊದಲು ಹೊಡೆದುಹಾಕುವುದೇ ಅದನ್ನು.

ಅದಕ್ಕೇ ನಿಮ್ಮ ಎಂಜಿನ್. ಮಾರಬೇಡಿ. ಸೋಲಾರ್ ಹಾಕಿಸಿ, ಖಂಡಿತ ಹಾಕಿಸಿ, ಆದರೆ ಏಜೆಂಟರು ಹೇಳದ ಒಂದು ಮಾತು ತಿಳಿದಿರಲಿ. ಹೆಸ್ಕಾಂ ಲೈನಿಗೆ ಜೋಡಿಸುವ ಆನ್-ಗ್ರಿಡ್ ಸೋಲಾರ್ ಲೈನು ಹೋದ ಕೂಡಲೇ ತಾನೂ ಬಂದ್ ಆಗುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ಕರೆಂಟು ಹೊಡೆಯಬಾರದಲ್ಲ, ಅದಕ್ಕೆ ಹಾಗೆ ಮಾಡಿರುತ್ತಾರೆ. ಅಂದರೆ ಮಧ್ಯಾಹ್ನದ ಸುಡು ಬಿಸಿಲಲ್ಲೂ ಕರೆಂಟು ಇಲ್ಲದಿದ್ದರೆ ಗಿರಣಿ ಓಡುವುದಿಲ್ಲ. ಬಿಲ್ಲು ಇಳಿಯುತ್ತದೆ, ಕತ್ತಲೆ ತಪ್ಪುವುದಿಲ್ಲ. ಲೈನು ಹೋದಾಗಲೂ ಓಡಬೇಕು ಅಂದರೆ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಬೇಕು. 10 ಎಚ್‌ಪಿ ಮೋಟರನ್ನು ಬ್ಯಾಟರಿಯ ಮೇಲೆ ಓಡಿಸುವುದು ತುಟ್ಟಿ ಬಾಬತ್ತು. ಅದರ ಬದಲು ಮೋಟರಿಗೆ ಅದರ ವೇಗ ಹತೋಟಿಯಲ್ಲಿಡುವ ವಿಎಫ್‌ಡಿ ಅನ್ನುವ ಉಪಕರಣ ಹಾಕಿಸಿ, ಎಳೆತ ಮೆಲ್ಲಗೆ ಶುರುವಾಗುತ್ತದೆ. ಬೀಸುವ ಹೊತ್ತನ್ನು ಬೆಳಿಗ್ಗೆ ಹತ್ತರಿಂದ ಮೂರರ ತನಕ ಅಂತ ಬೋರ್ಡು ಹಾಕಿ. ಲೈನು ಇಲ್ಲದ ದಿನಕ್ಕೆ ಡೀಸೆಲ್ ಎಂಜಿನ್ ಇರಲಿ. ತಿಂಗಳಿಗೊಮ್ಮೆ ಹತ್ತು ಹದಿನೈದು ನಿಮಿಷ ಹೊರೆ ಹಾಕಿ ಓಡಿಸಿ, ಇಲ್ಲವಾದರೆ ಬೇಕಾದ ದಿನವೇ ಅದು ಕೈಕೊಡುತ್ತದೆ. ಬೆಲ್ಟನ್ನು ಇಲಿಗೆ ಸಿಗದ ಹಾಗೆ ಎತ್ತಿಡಿ.

ಗೊಬ್ಬರಕ್ಕೂ ಎರಡನೇ ದಾರಿ ಇದೆ. ಡಿಎಪಿ ಸಿಗದಿದ್ದರೆ ಪಾಳಿಯಲ್ಲಿ ನಿಂತು ಬಿತ್ತನೆ ತಪ್ಪಿಸಿಕೊಳ್ಳಬೇಡಿ. ಒಂದು ಚೀಲ ಡಿಎಪಿಯಲ್ಲಿ 23 ಕೆಜಿ ರಂಜಕ, 9 ಕೆಜಿ ಸಾರಜನಕ ಇರುತ್ತದೆ. ಮೂರು ಚೀಲ ಸಿಂಗಲ್ ಸೂಪರ್ ಫಾಸ್ಫೇಟಿಗೆ 20 ಕೆಜಿ ಯೂರಿಯಾ ಸೇರಿಸಿದರೆ ಹೆಚ್ಚುಕಮ್ಮಿ ಅಷ್ಟೇ ಆಗುತ್ತದೆ, ಮೇಲೆ ಗಂಧಕವೂ ಸಿಗುತ್ತದೆ. ಚೀಲ ಹೊರುವ ಕೂಲಿ ಜಾಸ್ತಿ, ಅದು ನಿಜ. ಮಣ್ಣು ಪರೀಕ್ಷೆಯ ಕಾರ್ಡು ಮನೆಯಲ್ಲಿ ಎಲ್ಲಾದರೂ ಬಿದ್ದಿದ್ದರೆ ಹುಡುಕಿ ತೆಗೆದು ರಂಜಕದ ಸಾಲು ಮೊದಲು ನೋಡಿ. ಅಲ್ಲಿ ‘ಹೆಚ್ಚು’ ಅಂತ ಬರೆದಿದ್ದರೆ ಈ ವರ್ಷ ಪೂರ್ತಿ ಚೀಲ ನಿಮಗೆ ಬೇಕಾಗಿಯೇ ಇಲ್ಲದಿರಬಹುದು, ಕೃಷಿ ಇಲಾಖೆಯವರಿಗೆ ಆ ಕಾರ್ಡು ತೋರಿಸಿ ಎಷ್ಟು ಸಾಕು ಅಂತ ಕೇಳಿ.